ಸ್ವಲ್ಪ ಆ ಬಾಕ್ಸ್ ತೋರಿಸ್ತೀರಾ?

ನಮ್ಮಮ್ಮ ಅಂಗಡಿಯಲ್ಲಿ ಮೈಸೂರ್ ಸ್ಯಾಂಡಲ್ ಸೋಪ್ ತಗೊಳ್ಳೋದನ್ನ ನೀವೊಂದು ಸಲ ನೋಡಬೇಕು. ಡಬ್ಬಿಯನ್ನ ಕೈಯಲ್ಲಿ ಹಿಡಿದು ಮೂರು ಸಲ ತಿರುಗಿಸ್ತಾಳೆ. ಒಂದು ಸಲ ತೂಕಕ್ಕೆ, ಒಂದು ಸಲ ತಾರೀಖಿಗೆ, ಇನ್ನೊಂದು ಸಲ ಆನೆ ತಲೆ, ಸಿಂಹದ ಮೈಯಿರುವ ಆ ಶರಭದ ಚಿತ್ರಕ್ಕೆ. ಕೊನೆಗೆ ಮೂಗಿನ ಹತ್ತಿರ ಹಿಡೀತಾಳೆ. ಅಂಗಡಿಯವರು "ಒರಿಜಿನಲ್ಲೇ ಮೇಡಂ" ಅಂತ ಎಷ್ಟು ಸಲ ಹೇಳಿದರೂ ಅವಳಿಗೆ ಅದು ಕೇಳಿಸೋದೇ ಇಲ್ಲ. ಚಿಕ್ಕವಳಿದ್ದಾಗ ಪಕ್ಕದಲ್ಲಿ ನಿಂತು ನಾನು ನಾಚಿಕೆಯಿಂದ ಸತ್ತುಹೋಗ್ತಿದ್ದೆ.

ಅದೇ ಅಮ್ಮನ ಮಗಳು, ಬೆಂಗಳೂರಿನ ಐಟಿ ಕಂಪನಿಯಲ್ಲಿ ದಿನವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕೋ ಕೆಲಸ ಮಾಡುವ ನಾನು, ಎರಡು ವರ್ಷದ ಹಿಂದೆ ಏನು ಮಾಡಿದೆ ಗೊತ್ತಾ? ಮನೆಯಲ್ಲಿ ಮದುವೆ ಇತ್ತು. ಅರ್ಧ ಬೆಲೆಗೆ ಲೇಸರ್ ಪ್ಯಾಕೇಜ್ ಸಿಕ್ಕಿತು ಅಂತ ಒಂದು ಕಡೆ ಹೋಗಿ ಮಲಗಿದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿದರು. ಮುಖಕ್ಕೆ ಏನೋ ತಣ್ಣಗಿನ ಜೆಲ್ ಸವರಿದರು. ಚುರ್ ಚುರ್ ಅಂತು. "ಹಾಗೇ ಇರುತ್ತೆ ಮ್ಯಾಮ್, ನಾರ್ಮಲ್" ಅಂದರು. ನಾನೂ ನಾರ್ಮಲ್ ಅಂದುಕೊಂಡೆ. ಮೂರು ದಿನಕ್ಕೆ ಬಲಗೆನ್ನೆಯ ಮೇಲೆ ಪಟ್ಟಿ ಪಟ್ಟಿಯಾಗಿ ಕಪ್ಪು ಗೆರೆಗಳು ಮೂಡಿದವು.

ಆಮೇಲೆ ಹೋಗಿದ್ದು ಚರ್ಮರೋಗ ತಜ್ಞರ ಹತ್ತಿರ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸಮಾಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದರು. ಮೆಷಿನ್ ಯಾವುದು? ಡಯೋಡಾ, ಎನ್‌ಡಿ-ಯಾಗಾ, ಐಪಿಎಲ್ಲಾ? ಎಷ್ಟು ಎನರ್ಜಿ ಇಟ್ಟಿದ್ದರು? ಮೊದಲು ಏನು ಹಚ್ಚಿದರು, ಆಮೇಲೆ ಏನು ಹಚ್ಚಿದರು? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಲ್ ತೆಗೆದು ತೋರಿಸಿದೆ. ಅದರಲ್ಲಿ "ಬ್ರೈಡಲ್ ಫೇಸ್ ಪ್ಯಾಕೇಜ್" ಅಂತ ಇತ್ತು, ಅಷ್ಟೇ. ವಾಪಸ್ ಹೋಗಿ ಕೇಳಿದರೆ ಆ ಮೆಷಿನ್ ಸರ್ವಿಸ್‌ಗೆ ಹೋಗಿದೆ ಅಂದರು. ಅದು ಅಸಲಿ ಮೆಷಿನ್ನಾ, ನಕಲಿಯಾ ಅನ್ನೋದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೋ ದಾರಿಯೂ ಇಲ್ಲ. ಈ ಬರಹ ಹುಟ್ಟಿದ್ದು ಆ ಸಂಕಟದಿಂದ.

ಗೆನ್ನೆ ಸರಿಹೋಗೋಕೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ನಾನು ಓದಿದ್ದೆಲ್ಲಾ ಸೌಂದರ್ಯದ ಹೆಸರಿನಲ್ಲಿ ನಡೆದ ಮೋಸಗಳ ಚರಿತ್ರೆ. ಓದ್ತಾ ಓದ್ತಾ ಒಂದು ವಿಷಯ ಸ್ಪಷ್ಟವಾಯಿತು. ಸೋಪಿನ ಅಂಗಡಿಯಲ್ಲಿ ಕೊಳ್ಳುವವರೂ ನಾವೇ, ಬಳಸುವವರೂ ನಾವೇ. ಕ್ಲಿನಿಕ್ಕಿನಲ್ಲಿ ಹಾಗಲ್ಲ. ಅಲ್ಲಿ ಮಾಲು ಕೊಳ್ಳೋದು ಅವರು, ಮುಖ ಕೊಡೋದು ನಾವು. ಡಬ್ಬಿ ನಮ್ಮ ಕೈಗೆ ಬರೋದೇ ಇಲ್ಲ. ನಕಲಿ ಮಾಲು ನೂರು ವರ್ಷದಿಂದ ಬದುಕಿರೋದು ಈ ಸಂದಿಯಲ್ಲೇ.

ಅಮ್ಮನ ಸೋಪಿನಿಂದಲೇ ಶುರು ಮಾಡೋಣ. ಮೊದಲನೇ ಮಹಾಯುದ್ಧದ ಸಮಯ. ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗೋದು ನಿಂತುಹೋಗಿ ಮರ ರಾಶಿ ಬಿದ್ದಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಗಂಧದೆಣ್ಣೆ ಇಲ್ಲೇ ತೆಗೆಯುವ ಕಾರ್ಖಾನೆ ಶುರುವಾಯಿತು. ಎಣ್ಣೆಯ ಬೆನ್ನಿಗೇ ಸೋಪು ಬಂತು. ಅದಕ್ಕೆ ಹದ ಕೊಟ್ಟವರು ರಸಾಯನ ವಿಜ್ಞಾನಿ ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೊಟ್ಟೆಯಾಕಾರ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಶರಭದ ಗುರುತು, ಎಲ್ಲವೂ ಸೇರಿ ಈ ಸೋಪನ್ನ ದೂರದಿಂದಲೇ ಗುರುತಿಸಬಹುದು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇಷ್ಟೆಲ್ಲಾ ಇದ್ದೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದರ ನಕಲಿ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ವಶವಾದ ಮಾಲಿನ ಬೆಲೆ ಸುಮಾರು 2 ಕೋಟಿ ರೂಪಾಯಿ ಅಂತ ವರದಿಯಾಯಿತು. ಆ ಸುದ್ದಿ ಬಂದ ದಿನ ಅಮ್ಮ ನನಗೆ ಫೋನ್ ಮಾಡಿ ಬೇರೇನೂ ಹೇಳಲಿಲ್ಲ, "ನೋಡಿದ್ಯಾ?" ಅಂದಳು ಅಷ್ಟೇ.

ಇನ್ನೊಬ್ಬರ ಹೆಸರಿನ ಮೇಲೆ ವ್ಯಾಪಾರ ಮಾಡೋದು ಹೊಸದೇನಲ್ಲ. 1930ರ ದಶಕದ ಪ್ಯಾರಿಸ್‌ಗೆ ಹೋಗೋಣ. ಮೇರಿ ಕ್ಯೂರಿ ಕಂಡುಹಿಡಿದ ರೇಡಿಯಂ ಬಗ್ಗೆ ಜನಕ್ಕೆ ಆಗ ಹುಚ್ಚು ಹಿಡಿದಿತ್ತು. ಅಲ್ಲಿ 'ಥೋ-ರೇಡಿಯಾ' ಅನ್ನೋ ಕ್ರೀಮು, ಪೌಡರು, ಸೋಪು ಮಾರಾಟಕ್ಕೆ ಬಂದವು. ಡಬ್ಬಿಯ ಮೇಲೆ "ಡಾಕ್ಟರ್ ಆಲ್ಫ್ರೆಡ್ ಕ್ಯೂರಿಯವರ ಸೂತ್ರದ ಪ್ರಕಾರ" ಅಂತ ಮುದ್ರಿಸಿದ್ದರು. ನೊಬೆಲ್ ಪಡೆದ ಕ್ಯೂರಿ ಕುಟುಂಬಕ್ಕೂ ಈ ಆಲ್ಫ್ರೆಡ್ ಕ್ಯೂರಿಗೂ ಸಂಬಂಧವೇ ಇರಲಿಲ್ಲ. ಆದರೆ ಅಂಗಡಿಯಲ್ಲಿ ನಿಂತ ಹೆಂಗಸಿಗೆ ಅದು ಹೇಗೆ ಗೊತ್ತಾಗಬೇಕು? ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಹೆಸರು ಎರವಲಿನದ್ದಾದರೂ ಒಳಗಿದ್ದ ರೇಡಿಯಂ ಮಾತ್ರ ಅಸಲಿ. ಸ್ವಲ್ಪವೇ ಇತ್ತು, ಆದರೆ ಇತ್ತು. ಮುಖಕ್ಕೆ ಹೊಳಪು ಬರಲಿ ಅಂತ ಜನ ವಿಕಿರಣ ಸವರಿಕೊಳ್ಳುತ್ತಿದ್ದರು.

ಅದಕ್ಕೂ ಸ್ವಲ್ಪ ಮೊದಲು ಅಮೆರಿಕದ ಬ್ಯೂಟಿ ಪಾರ್ಲರುಗಳಿಗೆ ಒಂದು ಮೆಷಿನ್ ಬಂದಿತ್ತು. ಹೆಸರು 'ಟ್ರೈಕೋ'. ನ್ಯೂಯಾರ್ಕಿನ ಆಲ್ಬರ್ಟ್ ಗೈಸರ್ ಎಂಬ ವೈದ್ಯರು ರೂಪಿಸಿದ್ದು. ಮುಖದ ಬೇಡದ ಕೂದಲು ತೆಗೆಯೋಕೆ ಅಂತ 1920ರ ದಶಕದಲ್ಲಿ ಇದನ್ನ ಪಾರ್ಲರುಗಳಿಗೆ ಕೊಟ್ಟರು. ಪೆಟ್ಟಿಗೆಯ ಮುಂದೆ ಕೂತು ಗೆನ್ನೆಯನ್ನ ಒಂದು ಸಣ್ಣ ಕಿಂಡಿಗೆ ಒತ್ತಿ ಹಿಡಿದರೆ ಕೆಲವೇ ನಿಮಿಷದ ಕೆಲಸ. ನೋವಿಲ್ಲ, ಚುರ್ ಅಂತಲೂ ಅನ್ನಲ್ಲ. ಕೂದಲು ನಿಜಕ್ಕೂ ಉದುರುತ್ತಿತ್ತು. ಪೆಟ್ಟಿಗೆಯೊಳಗೆ ಇದ್ದದ್ದು ಎಕ್ಸ್-ರೇ. ಮೆಷಿನ್ ನಡೆಸುತ್ತಿದ್ದವರು ಡಾಕ್ಟರುಗಳಲ್ಲ, ಅಲ್ಪಸ್ವಲ್ಪ ತರಬೇತಿ ಪಡೆದ ಪಾರ್ಲರಿನವರು. ವರ್ಷಗಳು ಕಳೆದ ಮೇಲೆ ಆ ಹೆಂಗಸರ ಗೆನ್ನೆ, ಗದ್ದದ ಚರ್ಮ ಸುಕ್ಕಾಯಿತು, ಕಲೆ ಕಟ್ಟಿತು, ಹುಣ್ಣಾಯಿತು. ಕೆಲವರಿಗೆ ಕ್ಯಾನ್ಸರ್ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ವೈದ್ಯರ ಸಂಘ ಇದರ ವಿರುದ್ಧ ದನಿಯೆತ್ತಿತು.

ಟ್ರೈಕೋ ಯಾರ ಹೆಸರನ್ನೂ ಕದ್ದಿರಲಿಲ್ಲ. ಹಾಗಿದ್ದರೂ ಇದನ್ನ ಇಲ್ಲಿ ಹೇಳ್ತಿರೋದಕ್ಕೆ ಕಾರಣ ಇದೆ. ಪೆಟ್ಟಿಗೆ ಚೆನ್ನಾಗಿ ಕಂಡರೆ, ಅದರಿಂದ ಫಲಿತಾಂಶವೂ ಕಂಡರೆ, ಒಳಗೇನಿದೆ ಅಂತ ನಾವು ಕೇಳೋದನ್ನೇ ಬಿಟ್ಟುಬಿಡ್ತೀವಿ. ಇವತ್ತಿನ ನಕಲಿ ಲೇಸರುಗಳ ಆಟವೂ ಅದೇ. ಅಸಲಿ ಲೇಸರ್ ಒಂದು ನಿಗದಿತ ತರಂಗಾಂತರದ ಬೆಳಕನ್ನ ಮಾತ್ರ ಬಿಡುತ್ತೆ. ಕೂದಲು ತೆಗೆಯುವ ಡಯೋಡ್ ಲೇಸರ್ ಸಾಮಾನ್ಯವಾಗಿ 810 ನ್ಯಾನೋಮೀಟರ್ ಆಸುಪಾಸು, ಎನ್‌ಡಿ-ಯಾಗ್ ಆದರೆ 1064. ಐಪಿಎಲ್ ಲೇಸರ್ರೇ ಅಲ್ಲ, ಹಲವು ತರಂಗಾಂತರಗಳು ಬೆರೆತ ಬೆಳಕು. ನಮ್ಮಂಥ ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು. ತಪ್ಪು ಬೆಳಕು ಬಿದ್ದರೆ ಕೂದಲಿನ ಬುಡ ಮುಟ್ಟುವ ಮೊದಲೇ ಚರ್ಮವೇ ಆ ಶಾಖವನ್ನ ಹೀರಿಕೊಂಡು ಸುಡುತ್ತೆ. ಹೆಸರಾಂತ ಕಂಪನಿಯ ಹೊರಮೈಯನ್ನ ಹಾಗೇ ನಕಲು ಹೊಡೆದ ಅಗ್ಗದ ಮೆಷಿನ್ನಿನಲ್ಲಿ ಪರದೆ ಮೇಲೆ ಒಂದು ಅಂಕಿ ಕಾಣುತ್ತೆ, ಹೊರಗೆ ಬರೋ ಶಕ್ತಿ ಇನ್ನೊಂದಿರುತ್ತೆ. ನಡೆಸುವ ಹುಡುಗಿಗೂ ಅದು ಗೊತ್ತಿರಲ್ಲ. ಇದನ್ನ ಓದಿದ ಮೇಲೆ ನನಗೆ ಮುಖ ಸುಟ್ಟವಳ ಮೇಲಿದ್ದ ಸಿಟ್ಟು ಸ್ವಲ್ಪ ಕಡಿಮೆಯಾಯಿತು.

ಹಾಗಾದರೆ ಕಾನೂನು ಎಲ್ಲಿತ್ತು? ಕಾನೂನು ಬಂತು, ಆದರೆ ಪ್ರತಿ ಸಲವೂ ಯಾರದೋ ಕಣ್ಣೋ ಪ್ರಾಣವೋ ಹೋದ ಮೇಲೆ ಬಂತು. ಅಮೆರಿಕದ 1906ರ ಆಹಾರ ಮತ್ತು ಔಷಧ ಕಾಯ್ದೆಯಲ್ಲಿ ಸೌಂದರ್ಯವರ್ಧಕಗಳ ಪ್ರಸ್ತಾಪವೇ ಇರಲಿಲ್ಲ. 1933ರ ಹೊತ್ತಿಗೆ 'ಲ್ಯಾಶ್ ಲೂರ್' ಅನ್ನೋ ರೆಪ್ಪೆಯ ಬಣ್ಣ ಹಚ್ಚಿಸಿಕೊಂಡ ಹೆಂಗಸರು ದೃಷ್ಟಿ ಕಳೆದುಕೊಂಡರು. ಒಬ್ಬಾಕೆ ಸತ್ತೂ ಹೋದಳು. ಅದರಲ್ಲಿದ್ದ ಬಣ್ಣ ಕೋಲ್‌ಟಾರಿನಿಂದ ತೆಗೆದದ್ದು. ಸರ್ಕಾರದ ಕೈಯಲ್ಲಿ ಅದನ್ನ ಅಂಗಡಿಯಿಂದ ಎತ್ತಿಸುವ ಅಧಿಕಾರವೂ ಇರಲಿಲ್ಲ. ಅಧಿಕಾರಿಗಳು ಇಂಥ ಸರಕು, ಫೋಟೋಗಳನ್ನೆಲ್ಲ ಸೇರಿಸಿ ಪ್ರದರ್ಶನಕ್ಕಿಟ್ಟರು. ಪತ್ರಿಕೆಯವರು ಅದಕ್ಕೆ 'ಘೋರಗಳ ಕೋಣೆ' ಅಂತ ಹೆಸರಿಟ್ಟರು. 1937ರಲ್ಲಿ ಒಂದು ವಿಷಪೂರಿತ ಔಷಧಿ ಕುಡಿದು ನೂರಕ್ಕೂ ಹೆಚ್ಚು ಜನ, ಅದರಲ್ಲೂ ಮಕ್ಕಳು, ಸತ್ತ ಮೇಲೆ 1938ರಲ್ಲಿ ಹೊಸ ಕಾಯ್ದೆ ಪಾಸಾಯಿತು. ಸೌಂದರ್ಯವರ್ಧಕಗಳು ಅದರೊಳಗೆ ಬಂದವು.

ನಮ್ಮಲ್ಲೂ ಅದೇ ಕಥೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನಲ್ಲೇ ಕಲಬೆರಕೆ ಅಂತ ದೂರುಗಳು ಹೆಚ್ಚಾದಾಗ ಬ್ರಿಟಿಷ್ ಸರ್ಕಾರ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ನೇತೃತ್ವದಲ್ಲಿ ಸಮಿತಿ ಮಾಡಿತು. ಅದರ ಫಲವಾಗಿ ಬಂದದ್ದು 1940ರ ಔಷಧ ಕಾಯ್ದೆ. ಅದರೊಳಗೆ ಕ್ರೀಮು, ಪೌಡರುಗಳು ಸೇರಬೇಕಾದರೆ 1962ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇವತ್ತು ಆ ಕಾಯ್ದೆಯ 17-ಡಿ ಕಲಮಿನಲ್ಲಿ ನಕಲಿ ಸೌಂದರ್ಯವರ್ಧಕ ಅಂದ್ರೆ ಏನು ಅಂತ ಬರೆದಿದೆ. ಇನ್ನೊಂದು ಸರಕಿನ ಹೆಸರಿನಲ್ಲಿ ತಯಾರಿಸಿದ್ದು, ಇನ್ನೊಂದರಂತೆ ಕಾಣಿಸಿ ಮೋಸ ಮಾಡುವಂಥದ್ದು, ಲೇಬಲ್ ಮೇಲೆ ಇಲ್ಲದ ವ್ಯಕ್ತಿಯನ್ನೋ ಕಂಪನಿಯನ್ನೋ ತಯಾರಕ ಅಂತ ತೋರಿಸಿದ್ದು. ಓದುವಾಗ ನನಗೆ ಥೋ-ರೇಡಿಯಾದ ಡಬ್ಬಿ ನೆನಪಾಯಿತು. 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳೆಲ್ಲವೂ ಇದೇ ಕಾಯ್ದೆಯ ಕೆಳಗೆ ಬಂದಿವೆ.

ಕಾನೂನು ಬಂದರೂ ಸಂದಿ ಮಾತ್ರ ಮುಚ್ಚಲಿಲ್ಲ. ಬೊಟಾಕ್ಸ್ ಕಥೆ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಆಲನ್ ಸ್ಕಾಟ್ ಮೆಳ್ಳೆಗಣ್ಣು ಸರಿಪಡಿಸೋಕೆ ಅಂತ ಬೊಟ್ಯುಲಿನಮ್ ಎಂಬ ಭಯಂಕರ ವಿಷವನ್ನ ಅತಿ ಸಣ್ಣ ಪ್ರಮಾಣದಲ್ಲಿ ಬಳಸೋ ದಾರಿ ಕಂಡುಹಿಡಿದರು. 1989ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕೆನಡಾದ ಕ್ಯಾರುದರ್ಸ್ ದಂಪತಿ ಅದರಿಂದ ಹುಬ್ಬಿನ ನಡುವಿನ ಸುಕ್ಕು ಮಾಯವಾಗುತ್ತೆ ಅಂತ 1992ರಲ್ಲಿ ಬರೆದರು. 2002ರಲ್ಲಿ ಸೌಂದರ್ಯಕ್ಕಾಗಿ ಬಳಸೋಕೂ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೇಡಿಕೆ ಏರಿತು, ಬೆಲೆಯೂ ಏರಿತು. ಬೆಲೆ ಏರಿದ ಕಡೆ ನಕಲಿ ಹಿಂಬಾಲಿಸದೇ ಇರುತ್ತಾ?

2004ರ ನವೆಂಬರಿನಲ್ಲಿ ಫ್ಲಾರಿಡಾದ ಒಂದು ಕ್ಲಿನಿಕ್ಕಿನಲ್ಲಿ ಚುಚ್ಚಿಸಿಕೊಂಡ ನಾಲ್ಕು ಜನ ಪಾರ್ಶ್ವವಾಯು ಬಡಿದವರಂತೆ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬ ಚುಚ್ಚಿದ ವೈದ್ಯನೇ. ಅವನ ಲೈಸೆನ್ಸ್ ಆಗಲೇ ಅಮಾನತಾಗಿತ್ತು. ಚುಚ್ಚಿದ್ದು ಬೊಟಾಕ್ಸ್ ಅಲ್ಲ. ಪ್ರಯೋಗಾಲಯಗಳಿಗೆ ಸಂಶೋಧನೆಗೆಂದು ಮಾರುವ, ಮನುಷ್ಯರಿಗಲ್ಲ ಅಂತ ಲೇಬಲ್ ಹಚ್ಚಿದ ಶುದ್ಧ ವಿಷ. ನಾಲ್ವರಲ್ಲಿ ಮೂವರ ರಕ್ತದಲ್ಲಿ ಮನುಷ್ಯನನ್ನ ಕೊಲ್ಲಲು ಬೇಕಾದ ಪ್ರಮಾಣದ 21ರಿಂದ 43 ಪಟ್ಟು ವಿಷ ಇತ್ತು ಅಂತ ಆಮೇಲೆ ವೈದ್ಯರು ಲೆಕ್ಕ ಹಾಕಿದರು. ಪ್ರತಿವಿಷ ಮತ್ತು ವೆಂಟಿಲೇಟರ್‌ನಿಂದಾಗಿ ಬದುಕಿಕೊಂಡರು. ಲೇಬಲ್ ಮೇಲೆ ಸತ್ಯವೇ ಇತ್ತು ನೋಡಿ. ಮುಖ ಕೊಟ್ಟವರಿಗೆ ಅದನ್ನ ಓದೋ ಅವಕಾಶ ಇರಲಿಲ್ಲ.

ಇಪ್ಪತ್ತು ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಅದೇ ದೇಶದ 11 ರಾಜ್ಯಗಳಲ್ಲಿ 22 ಮಹಿಳೆಯರಿಗೆ ಇಂಥ ಚುಚ್ಚುಮದ್ದಿನಿಂದ ತೊಂದರೆಯಾಗಿದೆ ಅಂತ ವರದಿ ಬಂತು. ಅರ್ಧದಷ್ಟು ಜನ ಆಸ್ಪತ್ರೆ ಸೇರಿದ್ದರು. ಚುಚ್ಚಿಸಿಕೊಂಡದ್ದು ಮನೆಗಳಲ್ಲಿ, ಸ್ಪಾಗಳಲ್ಲಿ, ಪರವಾನಗಿ ಅಥವಾ ತರಬೇತಿ ಇಲ್ಲದವರ ಕೈಯಲ್ಲಿ. ಅದೇ ಹೊತ್ತಿಗೆ ಸಿಕ್ಕ ನಕಲಿ ಬಾಟಲಿಗಳ ಮೇಲೆ 150 ಯೂನಿಟ್ ಅಂತ ಇತ್ತು. ಅಸಲಿ ಕಂಪನಿ 150 ಯೂನಿಟ್ಟಿನ ಬಾಟಲಿಯನ್ನ ಮಾಡೋದೇ ಇಲ್ಲ. ಡಬ್ಬಿಯನ್ನ ಒಮ್ಮೆ ತಿರುಗಿಸಿ ನೋಡಿದ್ದರೆ ಕಾಣುವಷ್ಟು ಸುಲಭದ ತಪ್ಪು.

ಡಬ್ಬಿ ನೋಡಿಬಿಟ್ಟರೆ ಸಾಕು ಅಂತ ನಾನು ಬರೆಯೋಕೆ ಹೊರಟಿದ್ದೆ. ಫ್ರಾನ್ಸಿನ ಪಿಐಪಿ ಕಥೆ ನನ್ನನ್ನ ತಡೆಯಿತು. 1991ರಲ್ಲಿ ಝಾನ್-ಕ್ಲೋಡ್ ಮಾಸ್ ಶುರು ಮಾಡಿದ ಈ ಕಂಪನಿ ಸ್ತನದ ಇಂಪ್ಲಾಂಟ್ ಮಾಡುತ್ತಿತ್ತು. ಡಬ್ಬಿ ಅಸಲಿ, ಹೆಸರು ಅಸಲಿ, ಯುರೋಪಿನ ಪ್ರಮಾಣಪತ್ರವೂ ಅಸಲಿ. ಒಳಗೆ ತುಂಬಿದ್ದು ಮಾತ್ರ ದೇಹದೊಳಗೆ ಇಡೋಕೆ ಅನುಮತಿಯಿಲ್ಲದ ಅಗ್ಗದ ಕೈಗಾರಿಕಾ ಸಿಲಿಕೋನ್. ತಪಾಸಣೆಯವರು ಮೊದಲೇ ತಿಳಿಸಿ ಬರುತ್ತಿದ್ದರು. ಅವರು ಬರೋ ಹೊತ್ತಿಗೆ ಡ್ರಮ್ಮುಗಳು ಮರೆಯಾಗುತ್ತಿದ್ದವು. ಇಂಪ್ಲಾಂಟುಗಳು ಹೆಚ್ಚು ಹೆಚ್ಚಾಗಿ ಒಡೆಯುತ್ತಿರೋದನ್ನ ಶಸ್ತ್ರಚಿಕಿತ್ಸಕರು ಗಮನಿಸಿದ ಮೇಲೆ, 2010ರಲ್ಲಿ ಎಲ್ಲಾ ಬಯಲಾಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಹಿಳೆಯರ ದೇಹದಲ್ಲಿ ಅವು ಕೂತಿದ್ದವು. 2013ರಲ್ಲಿ ಮಾಸ್‌ಗೆ 4 ವರ್ಷ ಜೈಲು ಶಿಕ್ಷೆ ಆಯಿತು. ಇಲ್ಲಿ ಯಾವ ಅಮ್ಮ ಡಬ್ಬಿ ತಿರುಗಿಸಿದ್ದರೂ ಏನೂ ಕಾಣುತ್ತಿರಲಿಲ್ಲ. ಆದರೆ ವಿಷಯ ಹೊರಬಂದಾಗ ಒಂದು ವ್ಯತ್ಯಾಸ ಆಯಿತು. ತನ್ನೊಳಗಿರೋ ಇಂಪ್ಲಾಂಟಿನ ಹೆಸರು, ನಂಬರು ಬರೆದಿಟ್ಟುಕೊಂಡವಳಿಗೆ ತಾನು ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅಂತ ಗೊತ್ತಿತ್ತು. ಬರೆದಿಟ್ಟುಕೊಳ್ಳದವಳು ನನ್ನ ಹಾಗೆ, ಉತ್ತರ ಇಲ್ಲದೆ ಕೂರಬೇಕಿತ್ತು.

ನಮ್ಮ ಪಕ್ಕದ ಮಲಪ್ಪುರಂ ಕಥೆಯೂ ಇದನ್ನೇ ಹೇಳುತ್ತೆ. 2021ರ ಜುಲೈಯಿಂದ 2023ರ ಸೆಪ್ಟೆಂಬರ್ ನಡುವೆ ಕೊಟ್ಟಕ್ಕಲ್‌ನ ವೈದ್ಯರು ಮೂತ್ರಪಿಂಡದ ಒಂದೇ ಬಗೆಯ ಕಾಯಿಲೆಯ 22 ಪ್ರಕರಣ ನೋಡಿದರು. ಅದರಲ್ಲಿ 15 ಜನರದ್ದು ಅಪರೂಪದ ಒಂದು ಉಪಬಗೆ. ಆ 15ರಲ್ಲಿ 13 ಮಂದಿ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದವರು. ಆ ಕ್ರೀಮುಗಳ ಸಮಸ್ಯೆ ಪಾದರಸ. ಅದು ಮೆಲನಿನ್ ಉತ್ಪತ್ತಿಯನ್ನ ತಡೆಯುತ್ತೆ, ಅದಕ್ಕೇ ಬೇಗ ಬೆಳ್ಳಗಾಗೋದು. ಚರ್ಮದ ಮೂಲಕ ಒಳಗಿಳಿದು ಕಿಡ್ನಿಯನ್ನೂ ಹಿಡಿಯುತ್ತೆ. ಆ ವೈದ್ಯರು ಕಾರಣದವರೆಗೆ ತಲುಪಿದ್ದು ಹೇಗೆ? ಏನು ಹಚ್ಚಿಕೊಳ್ತೀರಿ ಅಂತ ಕೇಳಿ ಕೇಳಿ. ರೋಗಿಗಳು ಉತ್ತರ ಹೇಳೋಕೆ ಆದದ್ದರಿಂದ.

ಹಾಗಾಗಿ ಈಗ ನನ್ನದು ಒಂದು ಸಣ್ಣ ಪಟ್ಟಿ ಇದೆ. ಚುಚ್ಚೋದಾದರೆ ಡಾಕ್ಟರೇ ಚುಚ್ಚಬೇಕು. ಸೀಲ್ ನನ್ನ ಮುಂದೆಯೇ ಒಡೆಯಬೇಕು. ಡಬ್ಬಿಯ ಮೇಲಿನ ಬ್ಯಾಚ್ ನಂಬರೂ ಒಳಗಿನ ಬಾಟಲಿಯ ನಂಬರೂ ಒಂದೇ ಇರಬೇಕು, ಆಮದಾದ ಮಾಲಾದರೆ ಇಲ್ಲಿ ಆಮದು ಮಾಡಿಕೊಂಡವರ ಹೆಸರು, ವಿಳಾಸ ಇರಬೇಕು. ಟಾಕ್ಸಿನ್ ಆದರೆ ಫ್ರಿಜ್ಜಿನಿಂದಲೇ ಹೊರಬರಬೇಕು, ಯಾರದೋ ಹ್ಯಾಂಡ್‌ಬ್ಯಾಗಿನಿಂದ ಅಲ್ಲ. ಮೆಷಿನ್ ಆದರೆ ಹೆಸರು, ಮಾಡೆಲ್, ಸೀರಿಯಲ್ ನಂಬರ್. ಒಬ್ಬರಿಗೆ ಒಂದೇ ಸಲ ಬಳಸಬೇಕಾದ ಟಿಪ್ ಇದ್ದರೆ ಹೊಸದನ್ನ ಬಿಚ್ಚಬೇಕು. ಎಲ್ಲದರ ಫೋಟೋ, ಜೊತೆಗೆ ಇದನ್ನೆಲ್ಲ ಬರೆದ ಬಿಲ್. ಕಂಪನಿಗೆ ಒಂದು ಮೇಲ್ ಹಾಕಿದರೆ ಈ ಕ್ಲಿನಿಕ್ಕಿಗೆ ಅವರು ಮಾಲು ಕೊಡ್ತಾರಾ ಇಲ್ಲವಾ ಅಂತ ಕೇಳಬಹುದು. ಅನುಮಾನ ಬಂದರೆ ದೂರು ಕೊಡೋಕೆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಇದೆ.

ಕಳೆದ ತಿಂಗಳು ಚಿಕ್ಕಮ್ಮನ ಮಗಳು ಕಣ್ಣಿನ ಕೆಳಗೆ ಫಿಲ್ಲರ್ ಹಾಕಿಸ್ಕೋತೀನಿ ಅಂತ ಹಟ ಹಿಡಿದಳು. ಬೇಡ ಅನ್ನೋಕೆ ನಾನ್ಯಾರು? ಜೊತೆಗೆ ಹೋದೆ. ಮೊದಲನೇ ಕಡೆ "ಬಾಕ್ಸ್ ಸ್ವಲ್ಪ ತೋರಿಸ್ತೀರಾ?" ಅಂದದ್ದಕ್ಕೆ ಕೌಂಟರಿನ ಹುಡುಗಿ, "ನಮ್ಮ ಮೇಲೆ ನಂಬಿಕೆ ಇಲ್ವಾ ಮ್ಯಾಮ್?" ಅಂದಳು. ತಂಗಿಯ ಮುಖ ಕೆಂಪಾಯಿತು, ಚಿಕ್ಕವಳಿದ್ದಾಗ ಅಂಗಡಿಯಲ್ಲಿ ನನ್ನದಾಗ್ತಿದ್ದ ಹಾಗೇ. ಅವಳ ಕೈ ಹಿಡಿದು ಹೊರಗೆ ಬಂದೆ. ಎರಡನೇ ಕಡೆ ಡಾಕ್ಟರೇ ಡಬ್ಬಿ ತಂದು ಮೇಜಿನ ಮೇಲಿಟ್ಟರು, ಸಿರಿಂಜಿನ ಜೊತೆ ಬಂದ ಸ್ಟಿಕ್ಕರನ್ನ ಕಿತ್ತು ಅವಳ ಫೈಲಿಗೆ ಅಂಟಿಸಿದರು. ನಾನು ಡಬ್ಬಿಯನ್ನ ಕೈಗೆ ತಗೊಂಡು ಮೂರು ಸಲ ತಿರುಗಿಸಿದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಹೊಗಳ್ತಾಳೆ ಅಂದುಕೊಂಡಿದ್ದೆ.

"ತಾರೀಖು ನೋಡಿದ್ಯಾ?" ಅಂದಳು.

ನೋಡಿದ್ದೆ.